ಕೆಲಸದ ನಡುವಿನ ಬಿಡುವು ಮತ್ತು ಲಿಂಗ ಪರಿವರ್ತನೆ



ಪದವಿ ಮುಗಿದು ಕೆಲಸ ಸಿಗುವವರೆಗೆ, ಅಥವಾ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ, ಅನೇಕರಿಗೆ ಕೆಲವು ತಿಂಗಳ ಬಿಡುವು ದೊರೆಯುತ್ತದೆ. ಹೆಚ್ಚಿನವರು ಆಗ ಕಂಪ್ಯೂಟರ್ ಕಲಿಯುತ್ತಾರೆ, ಪರೀಕ್ಷೆಗಳಿಗೆ ಓದುತ್ತಾರೆ, ಮನೆಯವರ ಜೊತೆ ಹೊಲ ತೋಟ ನೋಡಿಕೊಳ್ಳುತ್ತಾರೆ. ಹುಟ್ಟಿದಾಗ ಗಂಡೆಂದು ಬರೆಸಲ್ಪಟ್ಟು, ತಾನು ಹೆಣ್ಣೆಂದೇ ಅರಿತವರು ಇದ್ದಾರೆ. ಹೆಣ್ಣೆಂದು ಬರೆಸಲ್ಪಟ್ಟು, ಗಂಡೆಂದೇ ಅರಿತವರೂ ಇದ್ದಾರೆ. ಇವರಿಗೆ ಅದೇ ಬಿಡುವು ಬೇರೊಂದು ಆಸೆ ಹುಟ್ಟಿಸುತ್ತದೆ: ‘ಈ ಕೆಲವೇ ತಿಂಗಳಲ್ಲಿ ಬದಲಾಗಿಬಿಟ್ಟರೆ, ಹೊಸ ಕೆಲಸಕ್ಕೆ ಹೊಸ ಹೆಸರಿನಲ್ಲೇ ಹೋಗಬಹುದಲ್ಲ?’

ಆಸೆ ಸಹಜವಾದದ್ದೇ. ಆದರೆ ಬಿಡುವಿನಲ್ಲಿ ಆಗುವ ಕೆಲಸ ಯಾವುದು, ವರ್ಷಗಟ್ಟಲೆ ಹಿಡಿಯುವ ಕೆಲಸ ಯಾವುದು ಎಂದು ತಿಳಿಯದೆ ಹೊರಟವರು ಉದ್ಯೋಗವನ್ನೂ ಆರೋಗ್ಯವನ್ನೂ ಕಳೆದುಕೊಳ್ಳಬಹುದು. ಇಲ್ಲಿ ಅದನ್ನು ವಿಂಗಡಿಸಿ ನೋಡೋಣ.

ದೇಹದ ಗಡಿಯಾರ

ಮೊದಲು ಒಂದು ಮಾತು. ಇದು ಮನೋರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ.

ಪರಿವರ್ತನೆ ಎಂದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಎಂದೂ ಅಲ್ಲ. ಕೆಲವರು ಹೆಸರು, ಉಡುಪು ಬದಲಿಸಿಕೊಂಡು ನೆಮ್ಮದಿಯಾಗಿರುತ್ತಾರೆ. ಕೆಲವರು ಹಾರ್ಮೋನ್ ಚಿಕಿತ್ಸೆ ಪಡೆಯುತ್ತಾರೆ. ಹಾರ್ಮೋನ್ ಎಂಬುದು ರಕ್ತದಲ್ಲಿ ಸಂಚರಿಸುವ ರಾಸಾಯನಿಕ ಸಂದೇಶ. ಅದು ಜೀವಕೋಶದೊಳಗೆ ಹೋಗಿ ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಅದರ ಫಲ ಮೈಯಲ್ಲಿ ಕಾಣಲು ಕಾಲ ಬೇಕು. ನಿಮ್ಮ ಹದಿಹರೆಯವನ್ನೇ ನೆನೆಯಿರಿ. ದನಿ ಒಡೆದದ್ದು, ಮೀಸೆ ಚಿಗುರಿದ್ದು, ಎದೆ ಬೆಳೆದದ್ದು ಒಂದು ಬೇಸಿಗೆ ರಜೆಯಲ್ಲಿ ಮುಗಿಯಿತೇ? ಹಾರ್ಮೋನ್ ಚಿಕಿತ್ಸೆಯೂ ಒಂದು ಬಗೆಯ ಎರಡನೇ ಹದಿಹರೆಯ.

ಟೆಸ್ಟೊಸ್ಟಿರೋನ್ ಪಡೆಯುವವರ ದನಿ ಕೆಲವು ತಿಂಗಳಲ್ಲಿ ಗಡುಸಾಗತೊಡಗುತ್ತದೆ. ಗಡ್ಡ ತುಂಬಲು ನಾಲ್ಕೈದು ವರ್ಷವೂ ಹಿಡಿಯಬಹುದು. ಈಸ್ಟ್ರೊಜೆನ್ ಪಡೆಯುವವರಲ್ಲಿ ಎದೆಯ ಬೆಳವಣಿಗೆ ಮೂರರಿಂದ ಆರು ತಿಂಗಳಲ್ಲಿ ಆರಂಭವಾಗಿ ಎರಡು ಮೂರು ವರ್ಷ ಸಾಗುತ್ತದೆ. ಆದರೆ ಒಡೆದ ದನಿ ಅದರಿಂದ ಮತ್ತೆ ಎಳೆಯದಾಗುವುದಿಲ್ಲ. ಅದಕ್ಕೆ ಬೇರೆ ಅಭ್ಯಾಸ ಬೇಕು. ಔಷಧದಂಗಡಿಯಿಂದ ಮಾತ್ರೆ ತಂದು ತಾವೇ ನುಂಗುವುದು ಅಪಾಯ: ಈಸ್ಟ್ರೊಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ಟೆಸ್ಟೊಸ್ಟಿರೋನ್‌ನಿಂದ ರಕ್ತ ಮಂದವಾಗಬಹುದು. ಮುಂದೆ ಸ್ವಂತ ಮಕ್ಕಳು ಬೇಕೆಂಬ ಆಸೆ ಇದ್ದರೆ, ಚಿಕಿತ್ಸೆಗೆ ಮುಂಚೆಯೇ ವೈದ್ಯರೊಡನೆ ಮಾತಾಡಬೇಕು.

ಶಸ್ತ್ರಚಿಕಿತ್ಸೆಯ ಲೆಕ್ಕ ವಾರಗಳದ್ದು. ಎದೆಯ ಶಸ್ತ್ರಚಿಕಿತ್ಸೆಯಾದರೆ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರ, ಜನನಾಂಗದ್ದಾದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಅಥವಾ ಹೆಚ್ಚು ವಿಶ್ರಾಂತಿ ಬೇಕು. ಬಿಡುವಿಗೆ ಹೊಂದುವುದು ಈ ಭಾಗ ಮಾತ್ರ.

ಕಾಗದದ ಗಡಿಯಾರ

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ತೃತೀಯ ಲಿಂಗದ ಮಾನ್ಯತೆಯನ್ನು ಎತ್ತಿಹಿಡಿಯಿತು. 2019ರ ಕಾಯ್ದೆ ಮತ್ತು 2020ರ ನಿಯಮಗಳು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ಹಾಸನದ ಜಿಲ್ಲಾಧಿಕಾರಿಗೆ, ಅರ್ಜಿ ಹಾಕಿ ಗುರುತಿನ ಪ್ರಮಾಣಪತ್ರ ಪಡೆಯುವ ದಾರಿ ತೆರೆದವು. ನಿಯಮಗಳು ತಿದ್ದುಪಡಿಯಾಗುವುದುಂಟು. ಆದ್ದರಿಂದ ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಒಂದು ಕಾಗದ ಬದಲಾದರೆ ಸಾಲದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಒಂದೇ ಹೆಸರು ಹೇಳಬೇಕು. ಜನನ ಪ್ರಮಾಣಪತ್ರದ ವಿಷಯದಲ್ಲಿ, 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಹಳೆಯ ಮತ್ತು ಹೊಸ ವಿವರ ಎರಡನ್ನೂ ತೋರಿಸುವ ಪರಿಷ್ಕೃತ ಪತ್ರ ಕೊಡಬೇಕೆಂದು ಹೇಳಿತು. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮಗಳನ್ನು ತಿದ್ದಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 1ರ ಮೀಸಲಾತಿ ತಂದಿತು. ನೇಮಕಾತಿಯ ಅರ್ಜಿ ಒಂದು ಹೇಳಿ, ಅಂಕಪಟ್ಟಿ ಇನ್ನೊಂದು ಹೇಳಿದರೆ ದಾಖಲೆ ಪರಿಶೀಲನೆಯ ದಿನ ತೊಡಕಾದೀತು.

ಮೂವರ ಅನುಭವ

ಲಿನ್ ಕಾನ್‌ವೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ. ಪರಿವರ್ತನೆಯ ವಿಷಯ ತಿಳಿಸಿದಾಗ, 1968ರಲ್ಲಿ, ಐಬಿಎಂ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಅವರು ಹೊಸ ಹೆಸರಿನಲ್ಲಿ ಸಾಮಾನ್ಯ ಪ್ರೋಗ್ರಾಮರ್ ಆಗಿ ಮೊದಲಿನಿಂದ ಆರಂಭಿಸಿದರು. ಹಿಂದಿನ ಸಂಶೋಧನೆಯನ್ನು ತನ್ನದೆಂದು ಹೇಳಿಕೊಳ್ಳುವಂತಿರಲಿಲ್ಲ. ಮುಂದೆ ಚಿಪ್ ವಿನ್ಯಾಸದ ಬೋಧನೆಯನ್ನೇ ಬದಲಿಸಿದವರಲ್ಲಿ ಅವರೊಬ್ಬರು. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ, 52 ವರ್ಷಗಳ ನಂತರ.

ಭಾರತದ ನೌಕಾಪಡೆಯಲ್ಲಿದ್ದ ಸಾಬಿ ರಜೆಯಲ್ಲಿದ್ದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2017ರ ಅಕ್ಟೋಬರಿನಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು.

ಹೈದರಾಬಾದಿನಲ್ಲಿದ್ದ ಕಂದಾಯ ಸೇವೆಯ ಅಧಿಕಾರಿ ಎಂ. ಅನುಕತಿರ್ ಸೂರ್ಯ ಹೆಸರು ಮತ್ತು ಲಿಂಗ ಬದಲಾವಣೆಗೆ ಇಲಾಖೆಗೇ ಮನವಿ ಸಲ್ಲಿಸಿದರು. 2024ರ ಜುಲೈನಲ್ಲಿ ಹಣಕಾಸು ಸಚಿವಾಲಯ ಒಪ್ಪಿತು. ಅಧಿಕಾರಿಯ ಹುದ್ದೆ ಉಳಿಯಿತು. ಸೇವಾ ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ. ಆದರೂ ರಜೆಗೆ ಹೋಗುವ ಮುಂಚೆ ನಿಯಮ ಓದುವುದು, ಮನವಿಯನ್ನು ಬರಹದಲ್ಲಿ ಕೊಡುವುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ. 2019ರ ಕಾಯ್ದೆ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿತು. 2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು, ಕೆಲಸ ಕಳೆದುಕೊಂಡ ಶಿಕ್ಷಕಿ ಜೇನ್ ಕೌಶಿಕ್ ಅವರಿಗೆ ಪರಿಹಾರ ಕೊಡಿಸಿತು.

ಯೋಜನೆ ಹಾಕುವ ಬಗೆ

ಅರಕಲಗೂಡಿನ ಒಬ್ಬರು ಅಂತಿಮ ಪದವಿಯಲ್ಲಿದ್ದಾರೆ ಎಂದು ಊಹಿಸಿ. 18 ತುಂಬಿದೆ. ಅವರು ಮೊದಲ ವರ್ಷ ಆಪ್ತಸಲಹೆಗೆ, ತಜ್ಞ ವೈದ್ಯರ ಭೇಟಿಗೆ, ಕಾಗದಪತ್ರಕ್ಕೆ ಇಟ್ಟುಕೊಳ್ಳಲಿ. ಹಾರ್ಮೋನ್ ಚಿಕಿತ್ಸೆ ಬೇಕಾದರೆ ಅದು ಓದು, ಕೆಲಸಗಳ ಜೊತೆಗೇ ಸಾಗಬಹುದು. ಅದಕ್ಕೆ ಕೆಲಸ ಬಿಡಬೇಕಿಲ್ಲ. ಶಸ್ತ್ರಚಿಕಿತ್ಸೆ ಬೇಕಾದರೆ ಆಗ ಎರಡು ಮೂರು ತಿಂಗಳ ಬಿಡುವು. ಆ ತಿಂಗಳುಗಳ ಊಟ, ಬಾಡಿಗೆ, ಔಷಧದ ಹಣ ಮೊದಲೇ ಕೈಯಲ್ಲಿರಬೇಕು. ನೋಡಿಕೊಳ್ಳಲು ನಂಬಿಕೆಯ ಒಬ್ಬರಾದರೂ ಬೇಕು. ತೃತೀಯ ಲಿಂಗಿಗಳಿಗೆ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಆರೋಗ್ಯ ರಕ್ಷಣೆ ಕೊಡುವ ಒಪ್ಪಂದ 2022ರ ಆಗಸ್ಟಿನಲ್ಲಿ ಆಯಿತು. ಆಸ್ಪತ್ರೆ ಸೇರುವ ಮುಂಚೆ ಅದು ಅಲ್ಲಿ ಅನ್ವಯಿಸುತ್ತದೆಯೇ ಎಂದು ಕೇಳಬೇಕು.

ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಿರಿ. ಚನ್ನರಾಯಪಟ್ಟಣದಿಂದ ಬೆಂಗಳೂರಿಗೂ, ಹೊಳೆನರಸೀಪುರದಿಂದ ಮೈಸೂರಿಗೂ ರೈಲಿದೆ. ಅರಕಲಗೂಡಿನವರು ಬಸ್ಸನ್ನೇ ನಂಬಬೇಕು. ಹೊಲಿಗೆ ಹಸಿಯಾಗಿರುವಾಗ ಬಸ್ಸಿನ ಕುಲುಕಾಟ ಬೇಡ. ಮೊದಲ ಕೆಲವು ದಿನ ಆಸ್ಪತ್ರೆಯ ಊರಿನಲ್ಲೇ ಉಳಿಯುವ ಏರ್ಪಾಡಿರಲಿ.

ನಮ್ಮ ಮಂಜಮ್ಮ ಜೋಗತಿಯವರಿಗೆ ಇಂಥ ಯೋಜನೆಯ ಅವಕಾಶವೇ ಇರಲಿಲ್ಲ. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು, ಕಷ್ಟಪಟ್ಟು ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಹೆಸರು ಉಳಿಯಿತು. ಹಾಗೆ ಮನೆ ಬಿಟ್ಟ ಎಷ್ಟೋ ಮಂದಿಯ ಹೆಸರು ನಮಗೆ ತಿಳಿದೇ ಇಲ್ಲ.

18 ತುಂಬದವರು ಅವಸರಪಡಬೇಡಿ. ನಂಬಿಕೆಯ ಹಿರಿಯರೊಬ್ಬರೊಡನೆ ಮಾತಾಡಿ. ಮನಸ್ಸು ಕುಗ್ಗಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಉಳಿದವರಿಗೂ ಒಂದು ಮಾತು: ನಿಮ್ಮ ತರಗತಿಯ ಗೆಳೆಯರೊಬ್ಬರು ಈ ವಿಷಯವನ್ನು ನಿಮ್ಮೊಡನೆ ಹೇಳಿಕೊಂಡರೆ, ಅವರು ಬಯಸುವ ಹೆಸರಿನಿಂದ ಕರೆಯಿರಿ, ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳಬೇಡಿ.