ಕಪ್ಪು ಮಲ, ನೋವಿಲ್ಲದ ಗಡ್ಡೆ

"ಹೊಟ್ಟೆನೋವಿಲ್ಲ, ಊಟ ಸೇರುತ್ತದೆ. ಆದರೂ ಮಲ ಕಪ್ಪಗೆ ಹೋಗುತ್ತಿದೆ. ಎಂಡೋಸ್ಕೋಪಿಯಲ್ಲಿ ಜಠರದ ಗಡ್ಡೆ ಕಂಡಿದೆಯಂತೆ. ಕ್ಯಾನ್ಸರೇ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ.

ಜಠರದಲ್ಲಿ ಸೋರಿದ ರಕ್ತ ಆಮ್ಲಕ್ಕೆ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಸಿಕ್ಕು ಕಪ್ಪಾಗುತ್ತದೆ. ಮಲ ಡಾಂಬರಿನಂತೆ ಅಂಟಂಟು, ವಿಪರೀತ ನಾತ. ಇದಕ್ಕೆ 50ರಿಂದ 100 ಮಿ.ಲೀ. ರಕ್ತ ಸಾಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. 'ಉಷ್ಣವಾಗಿದೆ' ಎಂದು ಎಳನೀರು ಕುಡಿದು ಕೂರುವವರಿಗೆ, ದೃಷ್ಟಿ ತೆಗೆಸುವವರಿಗೆ ಏನು ಹೇಳೋಣ! ಅಷ್ಟರಲ್ಲಿ ಹಿಮೊಗ್ಲೋಬಿನ್ ಇಳಿದು ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬಂದಿರುತ್ತದೆ.

ಸ್ನಾಯುವಿನ ಲಿಯೊಮಯೋಮಾ, ಕೊಬ್ಬಿನ ಲೈಪೋಮಾ, ಇವೆರಡೂ ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಬೆಳೆಯುವುದು ಲೋಳೆಪೊರೆಯ ಅಡಿಯಲ್ಲಿ. ದೊಡ್ಡದಾದಂತೆ ಮೇಲಿನ ಪೊರೆ ಬಿಗಿದು ನೆತ್ತಿಯಲ್ಲೊಂದು ಹುಣ್ಣಾಗುತ್ತದೆ. ರಕ್ತ ಸೋರುವುದು ಅಲ್ಲಿಂದ.

ಪತ್ತೆ ಮಾಡುವ ಸ್ವಾರಸ್ಯವೂ ಇಲ್ಲೇ ಇದೆ. ಎಂಡೋಸ್ಕೋಪಿನ ಪುಟ್ಟ ಇಕ್ಕಳ ಕಚ್ಚಿ ತರುವುದು ಬಹುತೇಕ ಮೇಲಿನ ಪೊರೆಯನ್ನಷ್ಟೇ. ಬಯಾಪ್ಸಿ ವರದಿ 'ನಾರ್ಮಲ್' ಎನ್ನುತ್ತದೆ, ಗಡ್ಡೆ ಕೆಳಗೆ ಹಾಯಾಗಿರುತ್ತದೆ! ಅದೇ ಇಕ್ಕಳದಿಂದ ಹಳದಿ ಛಾಯೆಯ ಲೈಪೋಮಾವನ್ನು ಒತ್ತಿದರೆ ಮೆತ್ತಗೆ ಗುಳಿ ಬೀಳುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಗಟ್ಟಿ ಗಡ್ಡೆಗೆ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪು ಬೇಕು. ಅದರಲ್ಲಿ ಜಠರದ ಗೋಡೆ ಐದು ಪದರಗಳಾಗಿ ಕಾಣುತ್ತದೆ. ಮೂರನೆಯದರಲ್ಲಿ ಬೆಳ್ಳಗೆ ಕಂಡರೆ ಸಾಮಾನ್ಯವಾಗಿ ಲೈಪೋಮಾ. ನಾಲ್ಕನೆಯ ಸ್ನಾಯುಪದರದಲ್ಲಿ ಕಪ್ಪಗೆ ಕಂಡರೆ ಲಿಯೊಮಯೋಮಾ ಇರಬಹುದು, ಕ್ಯಾನ್ಸರಾಗಿ ತಿರುಗಬಲ್ಲ 'ಜಿಸ್ಟ್' ಕೂಡ ಇರಬಹುದು. ನೋಟಕ್ಕೆ ಎರಡೂ ಅವಳಿ. ಸೂಜಿ ಚುಚ್ಚಿ ಆಳದ ತುಣುಕು ತೆಗೆದು ಬಣ್ಣ ಹಚ್ಚಿ ನೋಡಿದಾಗ ಗುಟ್ಟು ಬಯಲು: ಸಾಮಾನ್ಯವಾಗಿ ಜಿಸ್ಟ್ 'ಕಿಟ್' ಪ್ರೋಟೀನನ್ನು, ಲಿಯೊಮಯೋಮಾ 'ಡೆಸ್ಮಿನ್' ಅನ್ನು ತೋರಿಸುತ್ತದೆ.

ಬಾಗುವ ಗಾಜಿನೆಳೆಗಳ ಎಂಡೋಸ್ಕೋಪನ್ನು 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವೈದ್ಯ ಬೇಸಿಲ್ ಹಿರ್ಶೋವಿಟ್ಸ್ ಮೊದಲು ತಾವೇ ನುಂಗಿ ನೋಡಿದ್ದರು. ಅವರಿಗೆ ದಾರಿ ತೋರಿದ್ದು ಭೌತವಿಜ್ಞಾನಿಗಳಾದ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಗಾಜಿನೆಳೆಗಳ ಕುರಿತು ಬರೆದ ಪ್ರಬಂಧ. ಇಂದು ಎಂಡೋಸ್ಕೋಪಿನ ಕೊಳವೆಯೊಳಗಿಂದಲೇ ಕ್ಲಿಪ್ ಹಾಕಿ, ಅಡ್ರಿನಲಿನ್ ಚುಚ್ಚಿ, ಶಾಖ ಕೊಟ್ಟು ರಕ್ತ ನಿಲ್ಲಿಸುತ್ತಾರೆ. ಆದರೆ ಗಡ್ಡೆ ಉಳಿದರೆ ಮತ್ತೆ ಸೋರಬಹುದು. ಆದ್ದರಿಂದ ತೆಗೆಯುವುದೇ ಲೇಸು. ಸಣ್ಣದಾದರೆ ಕೊಳವೆಯಿಂದಲೇ ಆದೀತು. ದೊಡ್ಡದಕ್ಕೆ ಲ್ಯಾಪರೋಸ್ಕೋಪಿಯಲ್ಲಿ ಗೋಡೆಯ ಒಂದು ತುಂಡನ್ನು ಕತ್ತರಿಸಿದರೆ ಸಾಮಾನ್ಯವಾಗಿ ಸಾಕು, ಇಡೀ ಜಠರ ತೆಗೆಯಬೇಕಿಲ್ಲ.

ಡಾಂಬರಿನಂಥ ಮಲ ಕಂಡವರು ಅಂದೇ ಆಸ್ಪತ್ರೆಗೆ ಹೋಗಲಿ. ನೋವಿನ ಮಾತ್ರೆ ನುಂಗುವ ಅಭ್ಯಾಸವಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಲಿ.