ಮೈಕ್ ಕೈಗೆ ಬಂದಾಗ ಬಾಯಿ ಕಟ್ಟುವುದೇಕೆ?

ಕೊತ್ತಗೆರೆಯಲ್ಲಾಗಲಿ, ಕುಣಿಗಲ್ ತಾಲ್ಲೂಕಿನ ಇನ್ನಾವುದೇ ಊರಲ್ಲಾಗಲಿ ಗ್ರಾಮಸಭೆಗೆ ಹೋದರೆ ಒಂದು ಮಾತನ್ನು ಗಮನಿಸಬಹುದು. ಮುಂದಿನ ಕುರ್ಚಿಗಳಲ್ಲಿ ಕೂತ ನಾಲ್ಕೈದು ಜನ ಮೈಕ್ ಇಲ್ಲದೆಯೂ ಮಾತಾಡುತ್ತಾರೆ. ಹಿಂದೆ ಗೋಡೆಗೊರಗಿ ನಿಂತ ಹೆಂಗಸಿನ ಕೈಗೆ ಮೈಕ್ ಬಂದರೆ ಸೆರಗು ಸರಿಮಾಡಿಕೊಂಡು, ಪಕ್ಕದವಳ ಮುಖ ನೋಡಿ, "ಏನಿಲ್ಲ ಬಿಡಿ ಸ್ವಾಮಿ" ಎಂದು ವಾಪಸ್ ಕೊಟ್ಟುಬಿಡುತ್ತಾಳೆ. ಕೇಳಬೇಕೆಂದು ಬಂದದ್ದು ಬೀದಿ ನಲ್ಲಿಯ ವಿಷಯ. ಇದೇ ಹೆಂಗಸು ತೆಂಗಿನಕಾಯಿ ವ್ಯಾಪಾರಿ ಮನೆ ಮುಂದೆ ಬಂದರೆ, ಕಾಯಿಗೆ ಎರಡು ರೂಪಾಯಿ ಹೆಚ್ಚು ಪಡೆಯದೆ ಒಂದು ಕಾಯಿಯನ್ನೂ ಗಾಡಿಗೆ ಹಾಕಿಸುವುದಿಲ್ಲ.

ಹಾಗಾದರೆ ಆಕೆಗೆ ಧೈರ್ಯ ಇದೆಯೋ ಇಲ್ಲವೋ? ಪ್ರಶ್ನೆಯೇ ತಪ್ಪು. ಆತ್ಮವಿಶ್ವಾಸವನ್ನು ಹುಟ್ಟುಗುಣ ಎಂದುಕೊಳ್ಳುವುದು ನಮ್ಮಲ್ಲಿ ರೂಢಿ. "ಅವನು ಅವರಪ್ಪನ ಹಾಗೆ ಗಟ್ಟಿಗ" ಎಂದು ಒಂದೇ ಮಾತಲ್ಲಿ ಮುಗಿಸುತ್ತೇವೆ. ನಿಜವಾಗಿ ಅದು ಕೆಲಸಕ್ಕೊಂದರಂತೆ ಬೇರೆ ಬೇರೆಯಾಗಿ ಬೆಳೆಯುತ್ತದೆ. ವ್ಯಾಪಾರದಲ್ಲಿ ಆಕೆ ಗೆದ್ದೂ ಸೋತೂ ಪಳಗಿದ್ದಾಳೆ. ಸಭೆಯಲ್ಲಿ ಎದ್ದು ಮಾತಾಡಿ ಗೊತ್ತಿಲ್ಲ, ಅಷ್ಟೇ.

ಇದನ್ನು ಶಾಸ್ತ್ರೀಯವಾಗಿ ಬಿಡಿಸಿಟ್ಟವರು ಆಲ್ಬರ್ಟ್ ಬಂಡೂರ (1925–2021). ಕೆನಡಾದ ಸಣ್ಣ ಊರೊಂದರಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸಿದವರು. ಹಾವೆಂದರೆ ನಡುಗುವವರ ಮೇಲೆ ಅವರು ನಡೆಸಿದ ಪ್ರಯೋಗಗಳು ಹೆಸರಾಗಿವೆ. ಒಂದು ಗುಂಪಿನವರು ಬೇರೆಯವರು ಹಾವು ಹಿಡಿಯುವುದನ್ನು ನೋಡಿದರು, ಅಷ್ಟೇ. ಇನ್ನೊಂದು ಗುಂಪಿನವರು ಒಬ್ಬರ ಜೊತೆಯಲ್ಲಿ ಹಂತಹಂತವಾಗಿ ತಾವೇ ಹಾವನ್ನು ಮುಟ್ಟಿದರು. ನೋಡಿದವರಿಗೂ ಭಯ ಇಳಿಯಿತು. ಮುಟ್ಟಿದವರಿಗೆ ಅದಕ್ಕಿಂತ ಹೆಚ್ಚು ಇಳಿಯಿತು. 1977ರ ಲೇಖನದಲ್ಲಿ ಬಂಡೂರ ಆತ್ಮವಿಶ್ವಾಸಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಂಡದ್ದು, ನಂಬಿಕೆಯವರ ಹುರಿದುಂಬಿಸುವ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ನಾಲ್ಕರಲ್ಲಿ ಮೊದಲನೆಯದೇ ಬಲವಾದದ್ದು. ನಾವೋ ಮೂರನೆಯದನ್ನು ಹಿಡಿದುಕೊಂಡು "ಹೆದರಬೇಡ, ಧೈರ್ಯವಾಗಿರು" ಎಂದು ಮಕ್ಕಳ ಬೆನ್ನು ತಟ್ಟುತ್ತಲೇ ಇರುತ್ತೇವೆ.

ಮೊದಲ ಎರಡು ಮೂಲಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಪಕ್ಕದ ಗುಬ್ಬಿಯನ್ನೇ ನೋಡಬಹುದು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಗೆ ಗುಬ್ಬಿ ವೀರಣ್ಣ ಸೇರಿದ್ದು ಎಳೆಯ ಹುಡುಗನಾಗಿ. ಮುಂದೆ ಅದೇ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಟರಾಗಿದ್ದರು. ಅವರ ಮಗ ಮುತ್ತುರಾಜ ಶಾಲೆಯನ್ನು ಎಳವೆಯಲ್ಲೇ ಬಿಟ್ಟವನು. ಅಪ್ಪ ಬಣ್ಣ ಹಚ್ಚುವುದನ್ನು, ಸಾವಿರ ಜನರ ಮುಂದೆ ದನಿ ಎತ್ತುವುದನ್ನು ಪಕ್ಕದ ಪರದೆಯ ಹಿಂದೆ ನಿಂತು ನೋಡುವ ಭಾಗ್ಯ ಅವನಿಗಿತ್ತು. ಮೊದಲು ಸಣ್ಣಪುಟ್ಟ ಪಾತ್ರಗಳು, ಆಮೇಲೆ ದೊಡ್ಡವು. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾ ಬಂದಾಗ ಜನ ಆ ಮುತ್ತುರಾಜನಲ್ಲಿ ಕಂಡದ್ದು ಹೊಸ ನಾಯಕ ರಾಜಕುಮಾರ್‌ನನ್ನು. ಆ ದನಿಯ ಹಿಂದೆ ವರ್ಷಗಟ್ಟಲೆ ರಂಗದ ಮೇಲೆ ತಪ್ಪಿ, ತಿದ್ದಿಸಿಕೊಂಡು, ಮತ್ತೆ ಹತ್ತಿದ ಪಳಗುವಿಕೆ ಇತ್ತು. ಪ್ರತಿಭೆ ಇರಲಿಲ್ಲ ಎಂದಲ್ಲ. ಆದರೆ ಅಷ್ಟೇ ಪ್ರತಿಭೆಯ ಹುಡುಗನೊಬ್ಬ ಹತ್ತಲು ರಂಗವೇ ಇಲ್ಲದ ಊರಲ್ಲಿದ್ದರೆ ಏನಾಗುತ್ತಿದ್ದ ಎಂದು ಯೋಚಿಸುವುದುಂಟು.

"ತನ್ನಂಥವರು" ಎಂಬುದನ್ನು ಹಗುರವಾಗಿ ತಳ್ಳಿಹಾಕಬಾರದು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಎಸ್ತೆರ್ ಡುಫ್ಲೊ ಮತ್ತು ಜೊತೆಗಾರರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೀಸಲಾತಿಯಿಂದ ಎರಡು ಅವಧಿ ಮಹಿಳೆಯೇ ಪಂಚಾಯಿತಿ ಮುಖ್ಯಸ್ಥೆಯಾದ ಕಡೆ ಹೆಣ್ಣುಮಕ್ಕಳ ಕನಸುಗಳೂ, ಅವರ ಬಗ್ಗೆ ತಂದೆತಾಯಿ ಇಟ್ಟುಕೊಂಡ ನಿರೀಕ್ಷೆಗಳೂ ಗಂಡುಮಕ್ಕಳ ಸಮಕ್ಕೆ ಹತ್ತಿರವಾಗಿದ್ದವು. ಕರ್ನಾಟಕದಲ್ಲಿ 1987ರ ಚುನಾವಣೆಯ ಹೊತ್ತಿಗೇ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿತ್ತು. 2010ರಲ್ಲಿ ಅದು ಅರ್ಧಕ್ಕೇರಿತು. ಗಂಡ ಪಕ್ಕದಲ್ಲಿ ಕೂತು ಅಧ್ಯಕ್ಷೆಯ ಪರವಾಗಿ ಮಾತಾಡುವ ಊರುಗಳಲ್ಲಿ ಹುಡುಗಿಯರು ನೋಡಿ ಕಲಿಯುವುದು ಬೇರೆಯದೇ ಪಾಠ.

ಇನ್ನು ನಾಲ್ಕನೆಯ ಮೂಲ: ಎದೆ ಡವಡವ ಎನ್ನುವುದು, ನಾಲಿಗೆ ಒಣಗುವುದು. ಅಡ್ರಿನಲಿನ್ ಏರಿದಾಗ ಎಲ್ಲರ ಮೈಯೂ ಹೀಗೇ ಮಾಡುತ್ತದೆ, ಅನುಭವಿ ಭಾಷಣಕಾರನದ್ದೂ. ಅವನು ಅದನ್ನು "ಹುರುಪು ಬಂತು" ಎಂದು ಓದುತ್ತಾನೆ, ಹೊಸಬ "ಸೋತೆ" ಎಂದು ಓದುತ್ತಾನೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ತಮಗೆ ಉತ್ಸಾಹವಾಗಿದೆ ಎಂದು ಹೇಳಿಕೊಂಡವರು ಶಾಂತವಾಗಿದ್ದೇವೆ ಎಂದು ಹೇಳಿಕೊಂಡವರಿಗಿಂತ ಚೆನ್ನಾಗಿ ಮಾತಾಡಿದ್ದರು. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ. ಹೇಳಬೇಕಾದ ಮೊದಲ ವಾಕ್ಯವನ್ನಾದರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡನೆಯದು ತಾನಾಗಿ ಬರುತ್ತದೆ.

ಇಷ್ಟೆಲ್ಲ ಇದ್ದೂ ಬಾಯಿ ತೆರೆಯದವರಿದ್ದಾರೆ, ಅವರನ್ನು ಪುಕ್ಕಲರು ಎನ್ನಲು ನನಗೆ ಮನಸ್ಸಿಲ್ಲ. ದಿಟ್ಟತನಕ್ಕೆ ಬೆಲೆ ತೆರಬೇಕಾದವರು ಯಾರು ಎಂಬುದರ ಮೇಲೆ ಮಾತಾಡುವುದು ನಿಂತಿದೆ. ಹತ್ತು ಎಕರೆ ತೋಟದವನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಎದುರಾಡಿದರೆ ಕಳೆದುಕೊಳ್ಳುವುದೇನಿಲ್ಲ. ಅವನ ತೋಟದಲ್ಲೇ ಕೂಲಿ ಮಾಡುವವಳು ಅವನ ಒತ್ತುವರಿಯ ಬಗ್ಗೆ ಸಭೆಯಲ್ಲಿ ಕೇಳಿದರೆ ನಾಳೆಯ ಕೂಲಿಗೆ ಕುತ್ತು. ಅವಳ ಮೌನ ಲೆಕ್ಕ ಹಾಕಿದ ಮೌನ. ವ್ಯಕ್ತಿತ್ವ ವಿಕಸನದ ಶಿಬಿರಗಳು ಈ ಲೆಕ್ಕವನ್ನು ಮುಟ್ಟುವುದೇ ಇಲ್ಲ.

ಆ ಲೆಕ್ಕ ಬದಲಾಗುವುದು ಜೊತೆಗೆ ಜನ ನಿಂತಾಗ. 2000ದಲ್ಲಿ ರಾಜ್ಯದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಲ್ಲಿ ಹತ್ತಿಪ್ಪತ್ತು ಹೆಂಗಸರು ವಾರವಾರ ಸೇರುತ್ತಾರೆ, ಉಳಿತಾಯದ ಲೆಕ್ಕ ಜೋರಾಗಿ ಓದುತ್ತಾರೆ, ಸಾಲ ಯಾರಿಗೆ ಎಂದು ಜಗಳವಾಡುತ್ತಾರೆ, ಬ್ಯಾಂಕಿಗೆ ಹೋಗಿ ಸಹಿ ಹಾಕುತ್ತಾರೆ. ಮಾತಾಡಲು ಇದಕ್ಕಿಂತ ಒಳ್ಳೆಯ ಗರಡಿಮನೆ ಇಲ್ಲ. ನಲ್ಲಿಯ ವಿಷಯವನ್ನು ಮೊದಲು ಅಲ್ಲಿ ಆಡಿ ನೋಡಿ, ಆಮೇಲೆ ಗ್ರಾಮಸಭೆಗೆ ಐದು ಜನ ಒಟ್ಟಿಗೆ ಹೋಗಿ ಒಬ್ಬಳು ಎದ್ದು ನಿಲ್ಲಲಿ. ಮಕ್ಕಳಿಗೂ ಇಂಥ ಜಾಗವಿದೆ: ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಹುಡುಗಿಯೊಬ್ಬಳು ಅಲ್ಲಿ ಹೇಳಿ, ತಿಂಗಳೊಳಗೆ ಬಾಗಿಲು ಬಂದರೆ ಬಂಡೂರರ ಮೊದಲ ಮೂಲ ಕೆಲಸ ಮಾಡಿತೆಂದೇ ಅರ್ಥ. ಬಾಗಿಲು ಬಾರದಿದ್ದರೆ ಅದೂ ಒಂದು ಕಲಿಕೆಯೇ. ಮುಂದಿನ ವರ್ಷ ಅವಳು ಬಾಯಿ ಬಿಡುವುದಿಲ್ಲ.

ಕಾನೂನೂ ಜೊತೆಗಾರನೇ. ಕರ್ನಾಟಕದ ಸಕಾಲ ಕಾಯ್ದೆ 2011ರದ್ದು, ಜಾರಿಗೆ ಬಂದದ್ದು 2012ರಲ್ಲಿ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಸಿಗಬೇಕು, ಗಡುವಿನೊಳಗೆ ಕೆಲಸವಾಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. "ನಾಳೆ ಬಾ" ಎಂದಾಗ ಕೂಗಾಡುವುದು ಒಂದು ದಾರಿ, ತಲೆ ತಗ್ಗಿಸಿ ಬಸ್ ಹತ್ತುವುದು ಇನ್ನೊಂದು. ಇವೆರಡರ ನಡುವಿನ ಮಾತು ಚಿಕ್ಕದು: "ಆಗಲಿ ಸಾರ್, ಅರ್ಜಿ ತಗೊಂಡು ಸಕಾಲದ ನಂಬರ್ ಕೊಡಿ, ಕಾಯ್ತೀನಿ." ಇದನ್ನು ಮನೆಯಲ್ಲೇ ಒಂದೆರಡು ಸಲ ದನಿ ಏರಿಸದೆ, ತಗ್ಗಿಸದೆ ಹೇಳಿ ನೋಡಿಕೊಂಡು ಹೋಗಿ.