ಒಂದೇ ದಿನದಲ್ಲಿ ಬೆಳೆದ ಬಿರುಗಾಳಿ

ಅನ್ನಕ್ಕೆ ಎಸರಿಟ್ಟಾಗ ನಾವು ದಿನಾ ನೋಡ್ತೀವಿ. ನೀರು ಕಾಯುತ್ತೆ. ಆವಿ ಏಳುತ್ತೆ. ಮುಚ್ಚಿದ ತಟ್ಟೆ ಕುಣಿಯುತ್ತೆ. ಆವಿಗೆ ಅಷ್ಟು ಬಲ ಇದೆ. ಸಮುದ್ರದ ಬಿರುಗಾಳಿಗೂ ಬಲ ಬರೋದು ಇದೇ ಆವಿಯಿಂದ.

ಈ ಬಿರುಗಾಳಿಗೆ ನಾವು ಚಂಡಮಾರುತ ಅಂತೀವಿ. ಅಮೆರಿಕ, ಮೆಕ್ಸಿಕೊ ದೇಶಗಳ ಕಡೆ ಹರಿಕೇನ್ ಅಂತಾರೆ. ಹೆಸರು ಬೇರೆ, ಗಾಳಿ ಒಂದೇ.

ಮೆಕ್ಸಿಕೊ ದೇಶದಲ್ಲಿ ಅಕಾಪುಲ್ಕೊ ಎಂಬ ದೊಡ್ಡ ಊರಿದೆ. ಮುಂದೆ ಸಮುದ್ರ, ಹಿಂದೆ ಬೆಟ್ಟ. ದಡದ ಉದ್ದಕ್ಕೂ ಪ್ರವಾಸಿಗಳು ತಂಗುವ ಎತ್ತರದ ಹೋಟೆಲುಗಳು. ಊರಿನ ಬಹಳ ಜನರ ಹೊಟ್ಟೆಪಾಡು ಈ ಪ್ರವಾಸಿಗಳಿಂದಲೇ.

2023ರ ಅಕ್ಟೋಬರ್ 23, ಸೋಮವಾರ. ಊರಿನ ದಕ್ಷಿಣಕ್ಕೆ ಸಮುದ್ರದಲ್ಲಿ ಒಂದು ಬಿರುಗಾಳಿ ಇತ್ತು. ಅದಕ್ಕೆ ಓಟಿಸ್ ಅಂತ ಹೆಸರಿಟ್ಟಿದ್ದರು. ಆ ರಾತ್ರಿ ಗಾಳಿಯ ವೇಗ ಗಂಟೆಗೆ ಸುಮಾರು 100 ಕಿಲೋಮೀಟರ್. ಅಂಥ ಗಾಳಿ ಆ ಜನಕ್ಕೆ ಹೊಸದಲ್ಲ.

ಮರುದಿನ ಮಂಗಳವಾರ. ನಮ್ಮಲ್ಲಿ ಅಂದು ವಿಜಯದಶಮಿ. ಅಲ್ಲಿ ಮಧ್ಯಾಹ್ನ ಒಂದು ವಿಮಾನ ಬಿರುಗಾಳಿಯ ಒಳಗೇ ಹೋಯಿತು. ಹೌದು, ಒಳಗೇ! ಗಾಳಿ ಅಳೆಯಲು ಅಮೆರಿಕದವರು ಇಂಥ ವಿಮಾನ ಕಳಿಸ್ತಾರೆ. ಒಳಗೆ ಹೋದವರಿಗೆ ಗಾಬರಿ ಕಾದಿತ್ತು. ಉಪಗ್ರಹದಿಂದ ಅಂದಾಜು ಮಾಡಿದ್ದಕ್ಕಿಂತ ಗಾಳಿ ಬಹಳ ಜೋರಾಗಿತ್ತು. ರಾತ್ರಿ ಆಗುವ ಹೊತ್ತಿಗೆ ವೇಗ 260 ಕಿಲೋಮೀಟರ್ ದಾಟಿತ್ತು. ಬಸ್ಸು 60ರಲ್ಲಿ ಓಡಿದರೇ ಕಿಟಕಿ ಪಕ್ಕ ಕೂತವರ ಸೆರಗು ನಿಲ್ಲೋದಿಲ್ಲ. ಇದು ಅದರ ನಾಲ್ಕು ಪಟ್ಟಿಗಿಂತ ಹೆಚ್ಚು!

ಒಂದೇ ದಿನದಲ್ಲಿ ಇಷ್ಟು ಬಲ ಹೇಗೆ ಬಂತು?

ಅಲ್ಲಿ ಸಮುದ್ರದ ನೀರು ಬೆಚ್ಚಗಿತ್ತು. ಸುಮಾರು 30 ಡಿಗ್ರಿ. ಬೆಚ್ಚಗಿನ ನೀರಿಂದ ಆವಿ ಏಳುತ್ತೆ. ಮೇಲೆ ಹೋಗಿ ಮೋಡ ಆಗುತ್ತೆ. ಮೋಡ ಆಗುವಾಗ ಆವಿ ತನ್ನ ಶಾಖವನ್ನು ಬಿಟ್ಟುಕೊಡುತ್ತೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರುತ್ತೆ. ಕೆಳಗೆ ಖಾಲಿಯಾದ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತೆ. ಭೂಮಿ ತಿರುಗುತ್ತಾ ಇರೋದರಿಂದ ಈ ಗಾಳಿ ನೇರ ಬರದೆ ಸುತ್ತು ಹಾಕುತ್ತೆ, ಬೀಸುಕಲ್ಲಿನ ಹಾಗೆ.

ಇನ್ನೊಂದು ಮಾತೂ ಇದೆ. ಒಲೆಯ ಹೊಗೆ ನೋಡಿ. ಅಡ್ಡಗಾಳಿ ಬಂದರೆ ಹೊಗೆ ಚದುರಿಹೋಗುತ್ತೆ. ಇಲ್ಲದಿದ್ದರೆ ಕಂಬದ ಹಾಗೆ ನೆಟ್ಟಗೆ ಏಳುತ್ತೆ. ಬಿರುಗಾಳಿಯೂ ಹಾಗೇ. ಆಕಾಶದಲ್ಲಿ ಮೇಲೆ ಅಡ್ಡಗಾಳಿ ಜೋರಾಗಿದ್ದರೆ ಅದು ಕಟ್ಟಿಕೊಳ್ಳೋದಿಲ್ಲ. ಓಟಿಸ್‌ಗೆ ಅಡ್ಡಗಾಳಿಯ ಕಾಟ ಕಡಿಮೆಯಾಯಿತು. ಸೌದೆ ಇತ್ತು, ತಡೆ ಇರಲಿಲ್ಲ. ಆದರೆ ಇಷ್ಟು ಬೆಳೆಯುತ್ತೆ ಅಂತ ಯಾವ ಮುನ್ಸೂಚನೆಯೂ ಮೊದಲೇ ಹೇಳಿರಲಿಲ್ಲ.

ಮಧ್ಯರಾತ್ರಿ ಕಳೆದ ಮೇಲೆ ಗಾಳಿ ಊರಿಗೆ ಬಡಿಯಿತು. ಹೋಟೆಲುಗಳ ಗಾಜು, ಗೋಡೆ ಕಿತ್ತುಹೋದವು. ಬೆಟ್ಟದ ಮೇಲಿನ ಬಡವರ ಮನೆಗಳ ತಗಡು ಹಾರಿತು. ಕರೆಂಟು ಹೋಯಿತು. ಫೋನೂ ಸತ್ತಿತು. ಬೇರೆ ಊರಲ್ಲಿದ್ದವರಿಗೆ ತಮ್ಮವರು ಬದುಕಿದ್ದಾರೋ ಇಲ್ಲವೋ ಅನ್ನೋದೇ ತಿಳಿಯಲಿಲ್ಲ. ಸುಮಾರು 50 ಜನ ಸತ್ತರು. ಸುಮಾರು 30 ಜನ ಕಾಣೆಯಾದರು.

ಇವರಲ್ಲಿ ದೋಣಿಯ ಕೆಲಸದವರು ಬಹಳ. ಶ್ರೀಮಂತರ ಮೋಜಿನ ದೋಣಿಗಳನ್ನು ನೋಡಿಕೊಳ್ಳುವ ಕೂಲಿ ಅವರದು. ಗಾಳಿ ಬರುತ್ತೆ ಅಂತ ಗೊತ್ತಾದಾಗ ಅವರು ದೋಣಿ ಬಿಟ್ಟು ಹೋಗಲಿಲ್ಲ. ದೋಣಿ ಕಾಯಲು ಅದರಲ್ಲೇ ಉಳಿದರು. ಸಾಧಾರಣ ಗಾಳಿಯಾಗಿದ್ದರೆ ದೋಣಿಯೂ ಉಳಿಯುತ್ತಿತ್ತು, ಅವರೂ ಉಳಿಯುತ್ತಿದ್ದರು. ಆಮೇಲೆ ಎಷ್ಟೋ ದಿನ ಮನೆಯವರು ಅವರಿಗಾಗಿ ಹುಡುಕಿದರು. ಇದನ್ನು ಓದುವಾಗ ನಮ್ಮ ಕರಾವಳಿಯ ಮನೆಗಳು ನೆನಪಾಗದೆ ಇರುತ್ತವೆಯೇ?

ನಮ್ಮ ಅರಬ್ಬಿ ಸಮುದ್ರದಲ್ಲೂ ಗಾಳಿ ಹೀಗೆ ಬೇಗ ಬೆಳೆದದ್ದಿದೆ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿ ಹತ್ತಿರ ಓಖಿ ಚಂಡಮಾರುತ ಎದ್ದಿತು. ಅಷ್ಟರಲ್ಲಿ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ನಡುಸಮುದ್ರದಲ್ಲಿದ್ದರು. ಬಹಳ ಮಂದಿ ಮರಳಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಬಲಗೊಳ್ಳುತ್ತಾ ಗುಜರಾತಿಗೆ ಹೋಯಿತು. ಸಮುದ್ರ ಕಾಯುತ್ತಿದೆ, ಬೇಗ ಬೆಳೆಯುವ ಗಾಳಿಗಳು ಹೆಚ್ಚಬಹುದು ಅಂತಾರೆ ವಿಜ್ಞಾನಿಗಳು.

ರೇಡಿಯೋದಲ್ಲೋ ಟಿ.ವಿ.ಯಲ್ಲೋ ‘ಬಿರುಗಾಳಿ ವೇಗವಾಗಿ ಬಲಗೊಳ್ಳುತ್ತಿದೆ’ ಅಂತ ಹೇಳ್ತಾರಲ್ಲ, ಅದರ ಅರ್ಥ ಇದೇ. ಬೆಳಿಗ್ಗೆ ಕೇಳಿದ ಸುದ್ದಿ ಸಂಜೆಗೆ ಹಳೆಯದಾಗಿರುತ್ತೆ. ಅಂಥ ದಿನ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ, ಮಲಗುವ ಮೊದಲು ಇನ್ನೊಮ್ಮೆ ಸುದ್ದಿ ಕೇಳಬೇಕು.